ಕೋಟಿ ಬೆಲೆಯ ಕಾರು ಹದಿನೆಂಟೂವರೆ ಲಕ್ಷಕ್ಕೆ: ಒಂದು ಹಳೆಯ ಐಷಾರಾಮಿ ಸೆಡಾನ್‌ನ ಮೂರು ವರ್ಷದ ಲೆಕ್ಕ

ಹಳೆಯ ಕಾರು ಕೊಳ್ಳಲು ಹೊರಟವರ ಪರವಾಗಿ ವಾಹನ ಪರೀಕ್ಷಿಸಿ ವರದಿ ಬರೆದುಕೊಡುವುದು ನನ್ನ ಉದ್ಯೋಗ. ಈ ಪ್ರಕರಣದ ಮಾಲೀಕರು ಕೊಳ್ಳುವ ಮುಂಚೆ ಬರಲಿಲ್ಲ, ಮಾರುವ ಮುಂಚೆ ಬಂದರು. ಬರುವಾಗ ಮೂರು ವರ್ಷದ ಬಿಲ್ಲುಗಳನ್ನು ದಿನಾಂಕದ ಪ್ರಕಾರ ಜೋಡಿಸಿದ ಒಂದು ಫೈಲು ತಂದಿದ್ದರು. ದುಬಾರಿ ಕಾರು ಇಟ್ಟುಕೊಂಡವರು ಖರ್ಚಿನ ಮಾತು ಬಂದಾಗ ಒಂದೋ ಜಂಬಕ್ಕೆ ಕಡಿಮೆ ಹೇಳುತ್ತಾರೆ, ಇಲ್ಲವೇ ಸಿಟ್ಟಿಗೆ ಹೆಚ್ಚು ಹೇಳುತ್ತಾರೆ. ಕಾಗದದ ಮೇಲಿನ ಲೆಕ್ಕ ಸಿಗುವುದು ಅಪರೂಪ. ಹಾಗಾಗಿ ಅವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಹೆಸರು, ಬಡಾವಣೆ, ಕಾರಿನ ಕಂಪನಿ, ಗ್ಯಾರೇಜುಗಳು ಯಾವುದನ್ನೂ ಹೇಳುವುದಿಲ್ಲ. ಹೆಚ್ಚಿನ ಮೊತ್ತಗಳನ್ನು ಹತ್ತಿರದ ಸಾವಿರಕ್ಕೆ ಹೊಂದಿಸಿದ್ದೇನೆ.

ಹಿನ್ನೆಲೆ

ಮಾಲೀಕರಿಗೆ ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದಲ್ಲಿ ಒಂದು ಸಣ್ಣ ಯಂತ್ರಶಾಲೆ ಇದೆ. ಕಂಪ್ಯೂಟರ್ ನಿಯಂತ್ರಿಸುವ ಮೂರ್ನಾಲ್ಕು ಸಿಎನ್‌ಸಿ ಯಂತ್ರಗಳು, ಮೈಕ್ರಾನ್ ಲೆಕ್ಕದ ಕೆಲಸ. ಮನೆ ನಗರದ ಪಶ್ಚಿಮ ಭಾಗದ ಹಳೆಯ ಬಡಾವಣೆಯೊಂದರಲ್ಲಿ, ಯಂತ್ರಶಾಲೆಯಿಂದ ಎಂಟು ಕಿಲೋಮೀಟರ್ ದೂರ. ವ್ಯವಹಾರದ ಲೆಕ್ಕಪತ್ರವೆಲ್ಲ ಪತ್ನಿಯ ಕೈಯಲ್ಲಿ. ಈ ಎರಡು ಸಂಗತಿಗಳನ್ನು ಮೊದಲೇ ಹೇಳುತ್ತಿರುವುದಕ್ಕೆ ಕಾರಣವಿದೆ: ಯಂತ್ರದ ತಿಳಿವಳಿಕೆ ಇಲ್ಲದೆ ಮೋಸ ಹೋದವರ ಕಥೆ ಇದಲ್ಲ.

2021ರ ಮಧ್ಯಭಾಗ. ಚಿಪ್‌ಗಳ ಕೊರತೆಯಿಂದ ಹೊಸ ಕಾರುಗಳಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು. ಒಂದು ಹೊಸ ಮಧ್ಯಮ ಗಾತ್ರದ ಎಸ್‌ಯುವಿಗೆ ತೆಗೆದಿಟ್ಟ ಹಣ ಅವರ ಬಳಿ ಇತ್ತು. ಅದೇ ಹಣಕ್ಕೆ 2013ರ ಒಂದು ಜರ್ಮನ್ ಸೆಡಾನ್ ಕಣ್ಣಿಗೆ ಬಿತ್ತು. ಹೊಸದಾಗಿದ್ದಾಗ ರಸ್ತೆಗಿಳಿಯುವ ಹೊತ್ತಿಗೆ ಕೋಟಿಯ ಹತ್ತಿರ ಹೋಗಿದ್ದ ದೊಡ್ಡ ಡೀಸೆಲ್ ಕಾರು, 71,000 ಕಿಲೋಮೀಟರ್ ಓಡಿದ್ದು, ಇಬ್ಬರು ಮಾಲೀಕರನ್ನು ಕಂಡದ್ದು, ಕೇಳುತ್ತಿದ್ದ ಬೆಲೆ ಹದಿನೆಂಟೂವರೆ ಲಕ್ಷ. ಮೊದಲ ಒಡೆಯ ಎಂಬತ್ತು ಲಕ್ಷ ನಷ್ಟ ಮಾಡಿಕೊಂಡಾಗಿದೆ, ಬೆಲೆ ಇನ್ನು ಎಷ್ಟು ತಾನೇ ಇಳಿದೀತು ಎಂಬುದು ಅವರ ತರ್ಕ. ಆಗ ಕೇಳಿದ್ದರೆ ನಮ್ಮಲ್ಲಿ ಬಹಳ ಮಂದಿ ತಲೆಯಾಡಿಸುತ್ತಿದ್ದ ತರ್ಕವೇ.

ಅದೇ ಮಾದರಿಯ ಇನ್ನೊಂದು ಕಾರು ದೆಹಲಿಯಲ್ಲಿ ನಾಲ್ಕು ಲಕ್ಷ ಕಡಿಮೆಗೆ ಸಿಗುತ್ತಿತ್ತು. ಅದನ್ನು ಅವರು ಬಿಟ್ಟರು, ಮತ್ತು ಬಿಟ್ಟದ್ದು ಸರಿ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ 2015ರ ಆದೇಶ, ಅದನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2018ರ ಆದೇಶ, ಇವೆರಡರಿಂದ ದೆಹಲಿ ಸುತ್ತಮುತ್ತ ಹತ್ತು ವರ್ಷ ದಾಟಿದ ಡೀಸೆಲ್ ಕಾರು ಓಡಿಸುವಂತಿರಲಿಲ್ಲ. ಹಾಗಾಗಿ ಎಂಟು ಒಂಬತ್ತು ವರ್ಷ ತುಂಬಿದ ಡೀಸೆಲ್ ಕಾರುಗಳು ಅಲ್ಲಿಂದ ಅಗ್ಗವಾಗಿ ದಕ್ಷಿಣಕ್ಕೆ ಬರುತ್ತಿದ್ದವು. ತರಬೇಕಾದರೆ ಅಲ್ಲಿನ ಆರ್‌ಟಿಒದಿಂದ ಆಕ್ಷೇಪಣೆಯಿಲ್ಲ ಎಂಬ ಪತ್ರ (ಎನ್‌ಒಸಿ), ಇಲ್ಲಿ ಮರುನೋಂದಣಿ, ಅದರ ಜೊತೆ ಕರ್ನಾಟಕದ ಜೀವಿತಾವಧಿ ತೆರಿಗೆ. ಈ ತೆರಿಗೆಯನ್ನು ಲೆಕ್ಕ ಹಾಕುವಾಗ ನೀವು ಕೊಟ್ಟ ಬೆಲೆಯನ್ನು ಯಾರೂ ಕೇಳುವುದಿಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆಯನ್ನೂ ಅದರ ವಯಸ್ಸನ್ನೂ ನೋಡುತ್ತಾರೆ. ಕೋಟಿಯ ಕಾರಿಗೆ ಅದು ಎಷ್ಟಾಗುತ್ತದೆ ಎಂದು ಪತ್ನಿ ಕೂಡಿಸಿ ತೋರಿಸಿದ ಮೇಲೆ ದೆಹಲಿಯ ಕಾರಿನ ಮಾತು ಅಲ್ಲಿಗೇ ನಿಂತಿತು.

ಬೆಂಗಳೂರಿನ ಕಾರಿನ ಪರೀಕ್ಷೆ ಹೇಗೆ ನಡೆಯಿತು? ಪರಿಚಯದ ಮೆಕ್ಯಾನಿಕ್ ಒಬ್ಬರು ಓಡಿಸಿ ನೋಡಿದರು, ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಜೋಡಿಸಿದರು, ಒಂದೂ ದೋಷ ಕಾಣಿಸಲಿಲ್ಲ. ಆ ಸ್ಕ್ಯಾನ್ ವರದಿ ಫೈಲಿನಲ್ಲಿ ಮೊದಲ ಹಾಳೆಯಾಗಿ ಇದೆ. ಎರಡನೆಯ ಪುಟದಲ್ಲಿ ಕಾರಿನ ಸ್ವಯಂ ತಪಾಸಣೆಗಳ ಪಟ್ಟಿಯಿದ್ದು, ಅವುಗಳಲ್ಲಿ ಹೆಚ್ಚಿನವುಗಳ ಮುಂದೆ 'ಪೂರ್ಣಗೊಂಡಿಲ್ಲ' ಎಂದಿದೆ. ದೋಷಗಳ ನೆನಪನ್ನು ಅಳಿಸಿದಾಗ ಈ ತಪಾಸಣೆಗಳೂ ಮೊದಲಿನಿಂದ ಆರಂಭವಾಗಬೇಕು; ಕಾರು ಬೇರೆ ಬೇರೆ ವೇಗದಲ್ಲಿ ಒಂದಷ್ಟು ಓಡುವವರೆಗೆ ಅವು ಮುಗಿಯುವುದಿಲ್ಲ. ಅಂದರೆ ಪರೀಕ್ಷೆಗೆ ಸ್ವಲ್ಪ ಮುಂಚೆ ಯಾರೋ ದೋಷಗಳನ್ನು ಅಳಿಸಿದ್ದರು, ಇಲ್ಲವೇ ಬ್ಯಾಟರಿ ಕಳಚಿದ್ದರು. ದೋಷವಿಲ್ಲದ ವರದಿಗಿಂತ ಈ ಎರಡನೆಯ ಪುಟ ಹೆಚ್ಚು ಮಾತಾಡುತ್ತಿತ್ತು. ಅದನ್ನು ಯಾರೂ ತಿರುವಿ ನೋಡಿರಲಿಲ್ಲ. ಮಾರಿದವರು ಖಾಸಗಿ ವ್ಯಕ್ತಿಯಾದ್ದರಿಂದ ಆಮೇಲೆ ಗ್ರಾಹಕ ಆಯೋಗದ ಬಾಗಿಲು ತಟ್ಟುವ ದಾರಿಯೂ ಇರಲಿಲ್ಲ.

ಮೊದಲ ವರ್ಷ: ನಿರೀಕ್ಷಿಸಬಹುದಾಗಿದ್ದ ಖರ್ಚು

ಟೈರುಗಳ ಅಚ್ಚುಗೀರು (ಟ್ರೆಡ್) ಸವೆಯದೆ ಆಳವಾಗಿಯೇ ಇತ್ತು, ಆದರೆ ಬದಿಯಲ್ಲಿ ಅಚ್ಚಾಗಿದ್ದ ನಾಲ್ಕಂಕಿಯ ವಾರ-ವರ್ಷದ ಸಂಖ್ಯೆ ನೋಡಿದರೆ ಆರು ವರ್ಷ ಕಳೆದಿತ್ತು. ನಾಲ್ಕನ್ನೂ ಬದಲಿಸಿದ್ದಕ್ಕೆ 1.12 ಲಕ್ಷ. ಬ್ರೇಕ್ ಡಿಸ್ಕು ಮತ್ತು ಪ್ಯಾಡುಗಳಿಗೆ 71 ಸಾವಿರ. ನಮ್ಮ ರಸ್ತೆಗಳ ಹಂಪು ಗುಂಡಿಗಳಲ್ಲಿ ಸವೆದಿದ್ದ, ಮುಂದಿನ ಚಕ್ರಗಳನ್ನು ಹಿಡಿದಿಡುವ ತೋಳುಗಳು, ಅವುಗಳ ರಬ್ಬರ್ ಬುಷ್‌ಗಳಿಗೆ 83 ಸಾವಿರ. ಇವುಗಳ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ. ಕೊಳ್ಳುವ ದಿನವೇ ಈ 2.66 ಲಕ್ಷವನ್ನು ಬೆಲೆಗೆ ಕೂಡಿಸಿ ನೋಡಿದ್ದರೆ ಸಾಕಿತ್ತು.

ಕುಸಿದ ಮೂಲೆ

2021ರ ಡಿಸೆಂಬರಿನ ಒಂದು ಬೆಳಿಗ್ಗೆ ಕಾರಿನ ಹಿಂಬದಿಯ ಎಡ ಮೂಲೆ ನಾಲ್ಕು ಬೆರಳು ಕೆಳಗೆ ಕುಳಿತಿತ್ತು. ಹಿಂದಿನ ಎರಡು ಚಕ್ರಗಳಿಗೆ ಉಕ್ಕಿನ ಸ್ಪ್ರಿಂಗಿನ ಬದಲು ಗಾಳಿ ತುಂಬಿದ ರಬ್ಬರ್ ಬಲೂನುಗಳಿದ್ದವು. ಎಂಜಿನ್ ಚಾಲೂ ಮಾಡಿದರೆ ಕಂಪ್ರೆಸರ್ ಗಾಳಿ ತುಂಬುತ್ತಿತ್ತು, ಕಾರು ಮೇಲೇಳುತ್ತಿತ್ತು, ಮರುದಿನ ಮತ್ತೆ ಕುಸಿದಿರುತ್ತಿತ್ತು. ಮಾಲೀಕರು ತಾವೇ ಚಕ್ರ ಬಿಚ್ಚಿ ಸೋಪಿನ ನೀರು ಹಚ್ಚಿದರು. ರಬ್ಬರ್ ಮಡಚಿಕೊಳ್ಳುವ ಕಡೆ, ಕೂದಲೆಳೆಯಂಥ ಬಿರುಕುಗಳ ಮೇಲೆ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು.

ಕಂಪನಿಯ ಸರ್ವಿಸ್ ಸೆಂಟರ್ ಎರಡೂ ಬಲೂನು ಮತ್ತು ಕಂಪ್ರೆಸರ್ ಒಟ್ಟಿಗೆ ಬದಲಿಸಲು 2.9 ಲಕ್ಷ ಕೇಳಿತು. ಸೋರುತ್ತಿರುವುದು ಒಂದು, ಬದಲಿಸಲು ಹೇಳುತ್ತಿರುವುದು ಮೂರು. ಇದು ಸುಲಿಗೆ ಎಂದು ಅವರಿಗೆ ಅನಿಸಿತು. ಹೊರಗಿನ ಗ್ಯಾರೇಜಿನಲ್ಲಿ ಎಡಗಡೆಯ ಬಲೂನು ಮಾತ್ರ ಬದಲಿಸಿ 43 ಸಾವಿರಕ್ಕೆ ಮುಗಿಸಿದರು.

ಮೂರು ತಿಂಗಳಿಗೆ ಕಂಪ್ರೆಸರ್ ಸುಟ್ಟಿತು. ಸೋರುವ ಬಲೂನನ್ನು ತುಂಬಿಸಲು ವಾರಗಟ್ಟಲೆ ಬಿಡುವಿಲ್ಲದೆ ಓಡಿದ್ದ ಕಂಪ್ರೆಸರ್ ಆಗಲೇ ಅರ್ಧ ಸತ್ತಿತ್ತು. ಆಮೇಲೆ ಬಲಗಡೆಯ ಬಲೂನೂ ಹೋಯಿತು. ಎರಡೂ ಒಂದೇ ವರ್ಷದ ರಬ್ಬರ್ ತಾನೇ. ಮೊದಲಿನ 43 ಸಾವಿರವೂ ಸೇರಿ ಒಟ್ಟು 1.62 ಲಕ್ಷ. ಇಲ್ಲಿ ಎರಡು ವಿಷಯಗಳನ್ನು ಬೇರೆ ಮಾಡಿ ನೋಡಬೇಕು. ಸರ್ವಿಸ್ ಸೆಂಟರಿನ ಬೆಲೆ ಹೆಚ್ಚಾಗಿತ್ತು ಎಂಬುದು ನಿಜ, ಮೂರೂ ಕೆಲಸ ಹೊರಗೆ ಅದರ ಅರ್ಧಕ್ಕಿಂತ ತುಸು ಹೆಚ್ಚಿಗೆ ಆಯಿತು. ಆದರೆ ಬಲೂನುಗಳನ್ನು ಜೋಡಿಯಾಗಿ ಬದಲಿಸಬೇಕೆಂಬ ಅದರ ಸಲಹೆ ತಪ್ಪಾಗಿರಲಿಲ್ಲ. ಬೆಲೆಯ ಮೇಲಿನ ಸಿಟ್ಟಿಗೆ ಸಲಹೆಯನ್ನೂ ಎಸೆದದ್ದು ಈ ಪ್ರಕರಣದ ಮೊದಲ ತಿರುವು. ಎಡ ಮೂಲೆ ಮೊದಲ ಸಲ ಕುಸಿದಾಗಲೇ ಕಾರನ್ನು ನಿಲ್ಲಿಸಿ, ಎರಡೂ ಬಲೂನು ಬದಲಿಸಿದ್ದರೆ ಕಂಪ್ರೆಸರಿನ 58 ಸಾವಿರ ಉಳಿಯುವ ಸಾಧ್ಯತೆ ಹೆಚ್ಚಿತ್ತು.

ಮೇಲಿನಿಂದ ಬಂದ ನೀರು

ಫೈಲಿನಲ್ಲಿ ಅತಿ ಹೆಚ್ಚು ಹಾಳೆಗಳಿರುವುದು 2022ರ ಮಳೆಗಾಲದ್ದು.

ಜೂನ್‌ನಲ್ಲಿ ಬ್ಯಾಟರಿ ರಾತ್ರೋರಾತ್ರಿ ಖಾಲಿಯಾಗತೊಡಗಿತು. ಅದನ್ನು ಬದಲಿಸಿ, ಹೊಸ ಬ್ಯಾಟರಿಯನ್ನು ಕಾರಿನ ಕಂಪ್ಯೂಟರಿಗೆ ಪರಿಚಯಿಸಿದ್ದಕ್ಕೆ 38 ಸಾವಿರ. ಇಂಥ ಕಾರುಗಳಲ್ಲಿ ಬ್ಯಾಟರಿ ಬದಲಿಸಿದರೆ ಸಾಲದು, ಹೊಸದು ಬಂದಿದೆ ಎಂದು ದಾಖಲಿಸಬೇಕು, ಇಲ್ಲದಿದ್ದರೆ ಹಳೆಯದಕ್ಕೆ ಚಾರ್ಜ್ ಮಾಡಿದ ಹಾಗೆಯೇ ಮಾಡುತ್ತಿರುತ್ತದೆ. ಎರಡು ವಾರದಲ್ಲಿ ಹೊಸ ಬ್ಯಾಟರಿಯೂ ಖಾಲಿ. ಕಾರು ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಮೇಲೆ ಅನುಮಾನ ಬಂತು, ಅದಕ್ಕೆ 44 ಸಾವಿರ. ಆಗಸ್ಟ್‌ನಲ್ಲಿ ಹಿಂಬದಿಯ ಪಾರ್ಕಿಂಗ್ ಸೆನ್ಸರುಗಳು ಕೈಕೊಟ್ಟವು, ಸ್ಪೀಕರುಗಳು ಮೌನವಾದವು, ಡಿಕ್ಕಿ ತಾನಾಗಿ ತೆರೆದುಕೊಳ್ಳತೊಡಗಿತು. ಒಮ್ಮೆ ಯಶವಂತಪುರದ ಸಿಗ್ನಲ್ಲಿನಲ್ಲಿ ಡಿಕ್ಕಿಯ ಬಾಗಿಲು ನಿಧಾನವಾಗಿ ಮೇಲೆದ್ದು ನಿಂತಿತಂತೆ. ಹಿಂದಿದ್ದ ಆಟೊದವರು ಇಳಿದು ಬಂದು ಮುಚ್ಚಿಕೊಟ್ಟರಂತೆ.

ಒಂದು ಗ್ಯಾರೇಜು ಸ್ಕ್ಯಾನರ್ ಓದಿ, ಇಂಥ ಮಾಡ್ಯೂಲಿನ (ಕಾರಿನ ಒಂದೊಂದು ಕೆಲಸ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಂಪರ್ಕ ಕಡಿದಿದೆ, ಅದನ್ನು ಬದಲಿಸಬೇಕು ಎಂದಿತು. ಹೊಸದರ ಬೆಲೆ ಕೇಳಿ ಬೆಚ್ಚಿದ ಮಾಲೀಕರು ದೆಹಲಿಯ ಗುಜರಿ ಮಾರುಕಟ್ಟೆಯಿಂದ ಹಳೆಯದನ್ನು ತರಿಸಿದರು. 56 ಸಾವಿರ ಕೊಟ್ಟ ಆ ಮಾಡ್ಯೂಲ್ ಇನ್ನೊಂದು ಕಾರಿನ ಚಾಸಿ ಸಂಖ್ಯೆಗೆ ಕಟ್ಟುಬಿದ್ದಿತ್ತು. ಈ ಕಾರು ಅದನ್ನು ತನ್ನದೆಂದು ಒಪ್ಪಲಿಲ್ಲ. ಬಿಡಿಭಾಗಕ್ಕೆ ಕೊಟ್ಟ ಹಣ ಹೋಯಿತು. ಟೋಯಿಂಗ್, ಅದನ್ನು ಈ ಕಾರಿಗೆ ಹೊಂದಿಸುವ ಕೋಡಿಂಗ್ ಪ್ರಯತ್ನ ಅಂತ ಮತ್ತೆ 22 ಸಾವಿರ.

ಸೆಪ್ಟೆಂಬರ್ ಮೊದಲ ವಾರ ಹೊರವರ್ತುಲ ರಸ್ತೆ, ಸರ್ಜಾಪುರದ ಕಡೆ ಬಡಾವಣೆಗಳೇ ಮುಳುಗಿ ಐಷಾರಾಮಿ ಕಾರುಗಳು ನೀರಿನಲ್ಲಿ ನಿಂತ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಮಾಲೀಕರು ಅವನ್ನು ನೋಡಿ ನಿಟ್ಟುಸಿರು ಬಿಟ್ಟಿದ್ದರಂತೆ, ತಮ್ಮ ಬೀದಿ ಎತ್ತರದಲ್ಲಿದೆ, ತಮ್ಮ ಕಾರಿಗೆ ನೀರಿನ ಭಯವಿಲ್ಲ ಎಂದು.

ಅಕ್ಟೋಬರಿನಲ್ಲಿ ಯಾರೋ ಹೇಳಿದರೆಂದು ಕಾರನ್ನು ವಿಲ್ಸನ್ ಗಾರ್ಡನ್ ಕಡೆಯ ಒಬ್ಬ ಹಿರಿಯ ವಾಹನ ಎಲೆಕ್ಟ್ರಿಷಿಯನ್ ಬಳಿ ಒಯ್ದರು. ಅವರು ಸ್ಕ್ಯಾನರನ್ನು ಮುಟ್ಟುವ ಮೊದಲು ಹಿಂದಿನ ಎಲ್ಲ ಸ್ಕ್ಯಾನ್ ವರದಿಗಳನ್ನು ಬಾನೆಟ್ ಮೇಲೆ ಹರಡಿಕೊಂಡು, ದೋಷ ತೋರಿಸಿದ ಪ್ರತಿ ಮಾಡ್ಯೂಲಿನ ಹೆಸರಿಗೂ ಗುರುತು ಹಾಕಿದರು.

"ಇವೆಲ್ಲ ಕಾರಿನಲ್ಲಿ ಎಲ್ಲೆಲ್ಲಿವೆ, ಗೊತ್ತೇ ಸಾರ್?"

"ಗೊತ್ತಿಲ್ಲ ಅಣ್ಣ."

"ಎಲ್ಲವೂ ಡಿಕ್ಕಿಯಲ್ಲಿವೆ. ಬ್ಯಾಟರಿಯೂ ಅಲ್ಲೇ ಇದೆ."

ಡಿಕ್ಕಿಯ ಕಾರ್ಪೆಟ್ ಎತ್ತಿದರು. ನೆಲದ ತಗ್ಗಿನಲ್ಲಿ ಗೇಣುದ್ದ ಅಗಲಕ್ಕೆ ನೀರು ನಿಂತಿತ್ತು. ನೀರಿನ ಮೇಲೆ ಹೊಂಗೆಯ ಹೂವಿನ ಕಂದು ಪಕಳೆಗಳು, ಅಡಿಯಲ್ಲಿ ಅವೇ ಕೊಳೆತು ಆದ ಕೆಸರು. ಆಂಪ್ಲಿಫೈಯರಿನ ಕನೆಕ್ಟರ್ ಕಳಚಿದರೆ ತಾಮ್ರದ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು.

ಸನ್‌ರೂಫ್ ಇರುವ ಕಾರುಗಳಲ್ಲಿ ಗಾಜಿನ ಸುತ್ತ ಒಂದು ತೊಟ್ಟಿಯಿರುತ್ತದೆ. ಗಾಜಿನ ಅಂಚಿನಿಂದ ಇಳಿಯುವ ನೀರು ಅದರಲ್ಲಿ ಸೇರಿ, ನಾಲ್ಕು ಮೂಲೆಯ ಸಣ್ಣ ಕೊಳವೆಗಳ ಮೂಲಕ ಕಾರಿನ ಚಾವಣಿ ಹೊತ್ತ ಕಂಬಗಳೊಳಗಿನಿಂದ ಹೊರಗೆ ಹರಿಯಬೇಕು. ಮನೆಯ ಮುಂದೆ, ಕಾರು ನಿಲ್ಲುವ ಜಾಗದ ಮೇಲೆ ದೊಡ್ಡ ಹೊಂಗೆಮರ. ಏಪ್ರಿಲ್, ಮೇ ತಿಂಗಳಲ್ಲಿ ಅದು ಹೂವು ಉದುರಿಸುತ್ತದೆ, ಅದರ ಬೆನ್ನಿಗೇ ಮಳೆ ಬರುತ್ತದೆ. 2022ರಲ್ಲಿ ಬೆಂಗಳೂರು ಕಂಡದ್ದು ದಾಖಲೆಯ ಮಳೆ. ಹಿಂಬದಿಯ ಎಡ ಕೊಳವೆ ಹೂವಿನಿಂದ ಕಟ್ಟಿತ್ತು, ತೊಟ್ಟಿ ತುಂಬಿದ ನೀರು ಒಳಗಿನ ದಾರಿ ಹಿಡಿದು ಡಿಕ್ಕಿಗೆ ಇಳಿದಿತ್ತು. ಒದ್ದೆಯಾದ ಮಾಡ್ಯೂಲ್ ರಾತ್ರಿ ನಿದ್ದೆಗೆ ಹೋಗದೆ ಬ್ಯಾಟರಿ ಹೀರುತ್ತಿತ್ತು. ಹಿಂದಿನ ವರ್ಷ ಕೊಂಡಾಗ ಹೂವಿನ ಕಾಲ ಮುಗಿದಿತ್ತು, ಕಾರಿನ ಹಳೆಯ ಮಾಲೀಕರದ್ದು ನೆಲಮಾಳಿಗೆಯ ಪಾರ್ಕಿಂಗ್. ಹಾಗಾಗಿ ಮೊದಲ ಮಳೆಗಾಲ ಸುಸೂತ್ರವಾಗಿ ಕಳೆದಿತ್ತು.

ಕೊಳವೆ ಬಿಡಿಸಿದ್ದು ಒಂದು ನೈಲಾನ್ ದಾರದಿಂದ ಮತ್ತು ಕಡಿಮೆ ಒತ್ತಡದ ಗಾಳಿಯಿಂದ. ಜೋರಾಗಿ ಗಾಳಿ ಹೊಡೆದರೆ ಕೊಳವೆಯ ಕೀಲು ಒಳಗೇ ಕಳಚಿಕೊಳ್ಳುತ್ತದೆ. ಅದರ ಕೂಲಿ 6,500. ಎರಡು ಮಾಡ್ಯೂಲುಗಳ ಬೋರ್ಡ್ ತೊಳೆದು, ಕಿಲುಬು ತೆಗೆದು, ಪಿನ್ನು ಬದಲಿಸಿದ್ದಕ್ಕೆ 28 ಸಾವಿರ. ಆ ಮಾಡ್ಯೂಲುಗಳು ಕೊನೆಯವರೆಗೂ ಕೆಲಸ ಮಾಡಿದವು.

ಅಷ್ಟು ಗ್ಯಾರೇಜುಗಳಿಗೆ ಇದು ಏಕೆ ಹೊಳೆಯಲಿಲ್ಲ? ಸ್ಕ್ಯಾನರ್ ಹೇಳುವುದು ಯಾವ ಮಾಡ್ಯೂಲ್ ಉತ್ತರಿಸುತ್ತಿಲ್ಲ ಎಂದು, ಏಕೆ ಉತ್ತರಿಸುತ್ತಿಲ್ಲ ಎಂದಲ್ಲ. ಪ್ರತಿ ಗ್ಯಾರೇಜೂ ತನ್ನ ಮುಂದಿನ ಒಂದು ದೋಷವನ್ನು ನೋಡಿತು. ಹಿಂದಿನ ಗ್ಯಾರೇಜಿನ ವರದಿಯನ್ನು ಮುಂದಿನದಕ್ಕೆ ತೋರಿಸುವ ಅಭ್ಯಾಸ ಮಾಲೀಕರಿಗೆ ಆಗ ಇರಲಿಲ್ಲ; ತೋರಿಸಿದರೆ ಅದನ್ನೇ ನೋಡಿ ಹೇಳಿಬಿಡುತ್ತಾರೆ ಎಂಬ ಅನುಮಾನ. ಅವರ ಯಂತ್ರಶಾಲೆಯ ಗೋಡೆಯ ಮೇಲೆ, ಕೆಟ್ಟ ಭಾಗ ಬದಲಿಸುವ ಮುಂಚೆ ಐದು ಬಾರಿ 'ಏಕೆ' ಎಂದು ಕೇಳಿ ಎಂಬ ಫಲಕವಿದೆ. ಪೀಣ್ಯದಲ್ಲಿ ಅದು ಇಲ್ಲದ ಗೋಡೆ ಕಡಿಮೆ.

ವಿಮೆಗೆ ಅರ್ಜಿ ಹಾಕಿದರು, ತಿರಸ್ಕೃತವಾಯಿತು. ಅಪಘಾತವಲ್ಲದ, ನಿಧಾನವಾಗಿ ಆದ ಹಾನಿ, ವಿದ್ಯುತ್ ದೋಷ ಇವು ಸಾಮಾನ್ಯ ವಾಹನ ವಿಮೆಯ ವ್ಯಾಪ್ತಿಯ ಹೊರಗಿವೆ. ಒಪ್ಪಿಗೆಯಾದ ವಿಮಾ ಅರ್ಜಿಯಲ್ಲೂ ರಬ್ಬರ್, ಪ್ಲಾಸ್ಟಿಕ್, ಬ್ಯಾಟರಿ, ಟೈರುಗಳ ಬೆಲೆಯಲ್ಲಿ ಅರ್ಧ ಸವಕಳಿಯಾಗಿ ಕಡಿತವಾಗುತ್ತದೆ. ಸವಕಳಿ ಕಡಿತವಿಲ್ಲದ ಪಾಲಿಸಿ ಈ ವಯಸ್ಸಿನ ಕಾರಿಗೆ ಅವರಿಗೆ ಸಿಕ್ಕಿರಲಿಲ್ಲ.

ಪ್ರತ್ಯೇಕ ಖಾತೆ

ಎರಡನೆಯ ತಿರುವು ಪತ್ನಿಯದು. ಅದುವರೆಗೆ ಕಾರಿನ ಬಿಲ್ಲುಗಳು ಯಂತ್ರಶಾಲೆಯ ನಿರ್ವಹಣೆ ವೆಚ್ಚದಲ್ಲಿ ಬೆರೆತುಹೋಗುತ್ತಿದ್ದವು. ಆ ಅಕ್ಟೋಬರಿನಲ್ಲಿ ಅವರು ಕೇಳಿದ್ದು ಇಷ್ಟೇ: "ರೀ, ಲೇತ್‌ಗಳಿಗೆಲ್ಲ ಒಂದೊಂದು ಪುಟ ಇದೆ. ಇದಕ್ಕೆ ಮಾತ್ರ ಏಕಿಲ್ಲ?" ಅಂದಿನಿಂದ ಕಾರಿಗೂ ಪುಸ್ತಕದಲ್ಲಿ ಒಂದು ಪುಟ ತೆರೆಯಿತು. ಒಂದು ಕಡೆ ಆದ ಖರ್ಚು, ಇನ್ನೊಂದು ಕಡೆ ಮುಂದೆ ಯಾವ ಭಾಗಕ್ಕೆ ವಯಸ್ಸಾಗುತ್ತಿದೆ ಎಂಬ ಪಟ್ಟಿ. ಹಳೆಯ ಲೇತ್ ಕೊಳ್ಳುವಾಗ ಸ್ಪಿಂಡಲ್ ಎಷ್ಟು ಗಂಟೆ ತಿರುಗಿದೆ ಎಂದು ಕೇಳದೆ ಮುಂಗಡ ಕೊಡದ ಮನುಷ್ಯ ಕಾರಿನ ವಿಷಯದಲ್ಲಿ ಆ ಶಿಸ್ತನ್ನು ತಂದುಕೊಂಡದ್ದು ಹದಿನೈದು ತಿಂಗಳ ಮೇಲೆ.

ಪುಟ ತೆರೆದ ನಂತರದ ನಿರ್ಧಾರಗಳ ಗುಣವೇ ಬದಲಾಯಿತು. ಎಂಜಿನ್ ತಂಪಾಗಿಡುವ ದ್ರವದ (ಕೂಲಂಟ್) ಟ್ಯಾಂಕಿನ ಪ್ಲಾಸ್ಟಿಕ್ ಹಳದಿಯಾಗಿತ್ತು, ನೀರಿನ ಪಂಪು ಮೂಲದ್ದೇ ಆಗಿತ್ತು. ಟ್ರಾಫಿಕ್ಕಿನ ನಡುವೆ ಒಡೆದು ಎಂಜಿನ್ ಕಾಯುವ ಮುಂಚೆ ಎರಡನ್ನೂ ಥರ್ಮೋಸ್ಟಾಟ್ ಜೊತೆಗೆ ಬದಲಿಸಿದರು, 64 ಸಾವಿರ. 2023ರಲ್ಲಿ ಗೇರ್‌ಬಾಕ್ಸ್ ಎರಡರಿಂದ ಮೂರಕ್ಕೆ ಹೋಗುವಾಗ ಸಣ್ಣಗೆ ಒದೆಯತೊಡಗಿತು. ಅದರ ಎಣ್ಣೆ ಕಾರಿನ ಜೀವಮಾನಕ್ಕೆ ಸಾಕು, ಬದಲಿಸುವ ಅಗತ್ಯವಿಲ್ಲ ಎಂದು ಸರ್ವಿಸ್ ಸೆಂಟರ್ ಹೇಳಿತು. ಆದರೆ ಆ ಗೇರ್‌ಬಾಕ್ಸ್ ತಯಾರಿಸಿದ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿಗೊಮ್ಮೆ ಎಣ್ಣೆ ಬದಲಿಸಲು ಸಲಹೆ ಮಾಡುತ್ತದೆ. ಮಾಲೀಕರು ತಯಾರಕರ ಮಾತು ಕೇಳಿದರು. ಅದರಲ್ಲಿ ಫಿಲ್ಟರ್ ಮತ್ತು ತಳದ ತಟ್ಟೆ ಒಂದೇ ಪ್ಲಾಸ್ಟಿಕ್ ಭಾಗ, ಒಟ್ಟಿಗೆ ಬದಲಿಸಬೇಕು. 52 ಸಾವಿರ ಆಯಿತು. ಒದೆತ ನಿಂತಿತು.

ಒಂದು ದೋಷ ಕಾಸಿಲ್ಲದೆ ಹೋಯಿತು. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತಿದೆ ಎಂಬ ಎಚ್ಚರಿಕೆ ಆಗಾಗ ಬರುತ್ತಿತ್ತು. ಎಂಟು ಕಿಲೋಮೀಟರಿನ ಓಡಾಟ, ಅದೂ ತುಮಕೂರು ರಸ್ತೆಯ ಆಮೆನಡಿಗೆ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆ ಮುಚ್ಚಿದ ಮೇಲೆ, ಮುಂದಿನ ಫೆಬ್ರುವರಿಯಲ್ಲಿ ಲಘು ವಾಹನಗಳಿಗೆ ತೆರೆದರೂ ಲಾರಿಗಳೆಲ್ಲ ಕೆಳಗೇ ಉಳಿದಿದ್ದವು. ಫಿಲ್ಟರ್ ತನ್ನ ಮಸಿಯನ್ನು ತಾನು ಸುಟ್ಟುಕೊಳ್ಳಲು ಬೇಕಾದ ಬಿಸಿ ಈ ಓಡಾಟದಲ್ಲಿ ಏರುತ್ತಲೇ ಇರಲಿಲ್ಲ. ಒಂದು ಗ್ಯಾರೇಜು ಫಿಲ್ಟರನ್ನೇ ಒಡೆದು ತೆಗೆದುಬಿಡೋಣ ಎಂದಿತು. ಅದು ಕಾನೂನಿಗೆ ವಿರುದ್ಧ ಎಂದು ಅವರು ಒಪ್ಪಲಿಲ್ಲ. ಭಾನುವಾರಗಳಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆಯವರೆಗೆ ಒಂದೇ ವೇಗದಲ್ಲಿ ಓಡಿಸಿಕೊಂಡು ಬರತೊಡಗಿದ ಮೇಲೆ ಆ ದೀಪ ಮತ್ತೆ ಹತ್ತಲಿಲ್ಲ.

ಇದೇ ಕಾಲದಲ್ಲಿ ಪತ್ನಿ ಪುಟದ ಮೇಲ್ತುದಿಯಲ್ಲಿ ಒಂದು ನಿಯಮ ಬರೆದರು: ಯಾವುದೇ ಒಂದು ರಿಪೇರಿ ಅಂದಿನ ಮಾರುಕಟ್ಟೆ ಬೆಲೆಯ ಮೂರನೆಯ ಒಂದು ಭಾಗ ದಾಟಿದರೆ ಮಾಡಿಸುವುದಿಲ್ಲ, ಇದ್ದ ಹಾಗೆ ಮಾರುತ್ತೇವೆ. ನಿಯಮ ಬರೆದಾಗ ಕಾರು ಚೆನ್ನಾಗಿತ್ತು. ಜಗಳದ ನಡುವೆ ಇಂಥ ನಿಯಮ ಹುಟ್ಟುವುದಿಲ್ಲ.

ಚೈನಿನ ಸದ್ದು

2024ರ ಮಧ್ಯಭಾಗದಲ್ಲಿ, ಬೆಳಗಿನ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಕೆಲವು ಕ್ಷಣ ಲೋಹ ಉಜ್ಜಿದ ಸದ್ದು. ಎಂಜಿನ್ ಕವಾಟಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸುವ ಟೈಮಿಂಗ್ ಚೈನ್ ಸಡಿಲವಾಗಿತ್ತು. ಈ ಎಂಜಿನ್‌ನಲ್ಲಿ ಚೈನು ಇರುವುದು ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕಡೆಗೆ. ಚೈನಿನ ಬೆಲೆಗಿಂತ ಅದನ್ನು ತಲುಪುವ ಕೂಲಿ ಹೆಚ್ಚು. ಮೂಗಿಗಿಂತ ಮೂಗುತಿ ಭಾರ. ಸರ್ವಿಸ್ ಸೆಂಟರ್ 6.2 ಲಕ್ಷ ಹೇಳಿತು. ಹೊರಗಿನ ಒಳ್ಳೆಯ ಗ್ಯಾರೇಜು 2.9 ಲಕ್ಷ, 'ತೆರೆದ ಮೇಲೆ ಬೇರೇನಾದರೂ ಕಂಡರೆ ಪ್ರತ್ಯೇಕ' ಎಂದು ಬರೆದುಕೊಟ್ಟಿತು.

ದೋಷವಿಲ್ಲದ ಅಂಥ ಕಾರಿಗೆ ಆಗ ಮಾರುಕಟ್ಟೆಯಲ್ಲಿ ಒಂಬತ್ತು ಲಕ್ಷ. ಮೂರನೆಯ ಒಂದು ಭಾಗವೆಂದರೆ ಮೂರು ಲಕ್ಷ. 2.9 ಲಕ್ಷ ನಿಯಮದೊಳಗೇ ಇತ್ತು. ಮಾಲೀಕರು ಖುಷಿಯಾದರು. ಪತ್ನಿ ಗ್ಯಾರೇಜಿಗೆ ಫೋನ್ ಮಾಡಿ, "ಕಂಡರೆ ಎಂದು ಬರೆದಿದ್ದೀರಲ್ಲ, ಅದಕ್ಕೂ ಒಂದು ಮೊತ್ತ ಬರೆದು ಕಳುಹಿಸಿ" ಎಂದರು. ಚೈನು ಜಾರುವ ಪ್ಲಾಸ್ಟಿಕ್ ಹಳಿಗಳು, ಸೀಲುಗಳು, ಟರ್ಬೊದ ಎಣ್ಣೆ ಪೈಪು ಎಲ್ಲ ಸೇರಿ 80 ಸಾವಿರದವರೆಗೆ ಆಗಬಹುದು ಎಂಬ ಉತ್ತರ ಬಂತು. ಒಟ್ಟು 3.7 ಲಕ್ಷ. ಗೆರೆ ದಾಟಿತು.

ಅವರು ನನ್ನ ಬಳಿ ಬಂದದ್ದು ಆಗ. ನಾನು ನೋಡಿದ ಲೆಕ್ಕ ಹೀಗಿತ್ತು: ಸದ್ದಿನ ಸಮೇತ ಮಾರಿದರೆ ಐದೂಮುಕ್ಕಾಲು ಲಕ್ಷ ಸಿಗಬಹುದು, ಸರಿಪಡಿಸಿ ಮಾರಿದರೆ ಒಂಬತ್ತು. ನಡುವಿನ ಅಂತರ ಮೂರೂಕಾಲು ಲಕ್ಷ, ರಿಪೇರಿ 2.9ರಿಂದ 3.7. ಸರಿಸುಮಾರು ತಕ್ಕಡಿ ಸಮ. ತೀರ್ಮಾನಕ್ಕೆ ದಾರಿ ಮಾಡಿದ್ದು ಮಾಲೀಕರ ಒಂದು ಪ್ರಾಮಾಣಿಕ ಉತ್ತರ. ಅಷ್ಟು ಖರ್ಚು ಮಾಡಿದ ಮೇಲೆ ನಿಜವಾಗಿ ಮಾರುತ್ತೀರಾ ಎಂದು ಕೇಳಿದೆ. "ಮಾರುವುದಿಲ್ಲ" ಎಂದರು. ಹಾಗಾದರೆ ಹೋಲಿಕೆ ಒಂಬತ್ತು ಲಕ್ಷದ ಜೊತೆ ಆಗಿರಲೇ ಇಲ್ಲ. ಮುಂದಿನ ಇಂಜೆಕ್ಟರು, ಟರ್ಬೊಗಳ ಬಿಲ್ಲಿನ ಜೊತೆ ಆಗಿತ್ತು.

ದೋಷವನ್ನು ಮರೆಮಾಚದೆ, ಫೈಲಿನ ಸಮೇತ ಮಾರಾಟಕ್ಕಿಟ್ಟರು. ಬೇರೆ ಜಿಲ್ಲೆಯಲ್ಲಿ ಗ್ಯಾರೇಜು ನಡೆಸುವ ಒಬ್ಬರು 5.75 ಲಕ್ಷಕ್ಕೆ ಕೊಂಡರು. ಅವರು ಕಾರಿಗಿಂತ ಹೆಚ್ಚು ಹೊತ್ತು ಫೈಲನ್ನೇ ನೋಡಿದರು.

ಲೆಕ್ಕ ಏನು ಹೇಳುತ್ತದೆ

ಮೂರು ವರ್ಷದ ರಿಪೇರಿ ಮತ್ತು ಸರ್ವಿಸ್ 8.7 ಲಕ್ಷ (ಮೇಲಿನವುಗಳ ಜೊತೆ ಸಾಮಾನ್ಯ ಸರ್ವಿಸಿನ 1.35 ಲಕ್ಷ ಸೇರಿ). ವಿಮೆ 1.6 ಲಕ್ಷ. ಬೆಲೆ ಇಳಿದದ್ದು 12.75 ಲಕ್ಷ. ಒಟ್ಟು 23 ಲಕ್ಷ. ಓಡಿದ್ದು 27,000 ಕಿಲೋಮೀಟರ್. ಡೀಸೆಲ್ ಬಿಟ್ಟು ಕಿಲೋಮೀಟರಿಗೆ 85 ರೂಪಾಯಿ.

ಮಾಲೀಕರು ಬಂದಾಗ ಅವರ ದೂರು ಇದ್ದದ್ದು ಗ್ಯಾರೇಜುಗಳ ಮೇಲೆ ಮತ್ತು ಅದೃಷ್ಟದ ಮೇಲೆ. ಫೈಲು ಬೇರೆಯದನ್ನು ಹೇಳುತ್ತಿತ್ತು. ತಪ್ಪು ಪತ್ತೆಯಿಂದ ವ್ಯರ್ಥವಾದ ಖರ್ಚನ್ನೆಲ್ಲ ಒಟ್ಟು ಹಾಕಿದೆ: ಕಂಪ್ರೆಸರ್ 58 ಸಾವಿರ, ಆಲ್ಟರ್ನೇಟರ್ 44, ಗುಜರಿಯ ಮಾಡ್ಯೂಲ್ 56, ಟೋಯಿಂಗ್ ಕೋಡಿಂಗ್ 22. ಒಟ್ಟು 1.8 ಲಕ್ಷ. ನಾಡಿನ ಅತ್ಯುತ್ತಮ ಮೆಕ್ಯಾನಿಕ್ ಮೊದಲ ದಿನದಿಂದ ಜೊತೆಗಿದ್ದಿದ್ದರೂ ಏಳು ಲಕ್ಷದ ಹತ್ತಿರ ಖರ್ಚಾಗಿಯೇ ತೀರುತ್ತಿತ್ತು. ರಬ್ಬರಿಗೆ, ಪ್ಲಾಸ್ಟಿಕ್ಕಿಗೆ, ಎಣ್ಣೆಗೆ ಕಾರಿನ ಮಾರಾಟ ಬೆಲೆ ಇಳಿದದ್ದು ಗೊತ್ತಿರುವುದಿಲ್ಲ. ಬಿಡಿಭಾಗದ ಬೆಲೆಪಟ್ಟಿಯಲ್ಲಿ ಅದು ಇನ್ನೂ ಕೋಟಿಯ ಕಾರೇ. ಮತ್ತು ರಿಪೇರಿಯ ಬಗ್ಗೆ ಹೇಳಿದಷ್ಟು ದೂರನ್ನು ಅವರು ಎಂದೂ ಹೇಳದ ಮೊತ್ತವೇ ಎಲ್ಲಕ್ಕಿಂತ ದೊಡ್ಡದು: ಬೆಲೆಯ ಇಳಿತ. ಯಾವುದು ಮೊದಲ ಒಡೆಯನ ತಲೆಗೇ ಮುಗಿದುಹೋಗಿದೆ ಎಂದುಕೊಂಡಿದ್ದರೋ ಅದು.

ಇಂಥ ಕಾರು ಕೊಳ್ಳಲು ಹೊರಟವರು ಈಗ ಬಂದರೆ ನಾನು ಕೇಳುವುದು ಕೆಲವೇ ವಿಷಯ. ಸ್ಕ್ಯಾನ್ ವರದಿಯ ಸ್ವಯಂ ತಪಾಸಣೆಗಳು ಪೂರ್ಣಗೊಂಡಿವೆಯೇ. ಗಾಳಿಯ ಸಸ್ಪೆನ್ಷನ್ ಇದ್ದರೆ ಒಂದು ರಾತ್ರಿ ನಿಲ್ಲಿಸಿ ಬೆಳಿಗ್ಗೆ ನಾಲ್ಕು ಮೂಲೆಯ ಎತ್ತರ ಅಳೆದಿದ್ದಾರೆಯೇ. ಡಿಕ್ಕಿಯ, ಮುಂದಿನ ಸೀಟಿನ ಕೆಳಗಿನ ಕಾರ್ಪೆಟ್ ಎತ್ತಿ ಕೈಯಿಟ್ಟು ನೋಡಿದ್ದಾರೆಯೇ. ಚಾಸಿ ಸಂಖ್ಯೆ ಕೊಟ್ಟು ಹಳೆಯ ಸರ್ವಿಸ್ ದಾಖಲೆ ಕೇಳಿದ್ದಾರೆಯೇ. ಕೊನೆಯದಾಗಿ, ಕೊಳ್ಳುವ ಬೆಲೆಯ ಅರ್ಧದಷ್ಟನ್ನು ಮೂರು ವರ್ಷದ ರಿಪೇರಿಗೆ ಈಗಲೇ ಬೇರೆ ಇಡಬಲ್ಲರೇ. ಇದಕ್ಕೆ ಇಲ್ಲ ಎಂದವರಿಗೆ ಉಳಿದವನ್ನು ಪರೀಕ್ಷಿಸುವ ಶುಲ್ಕವನ್ನೂ ನಾನು ತೆಗೆದುಕೊಳ್ಳುವುದಿಲ್ಲ.

ಕೊಂಡ ಗ್ಯಾರೇಜಿನವರು ಚೈನನ್ನು ತಾವೇ ಬದಲಿಸಿಕೊಂಡರು. ಬಿಡಿಭಾಗಕ್ಕೆ ಒಂದು ಲಕ್ಷಕ್ಕಿಂತ ತುಸು ಹೆಚ್ಚಾಯಿತಂತೆ, ಕೂಲಿ ಮನೆಯದೇ. ಕಾರು ಇಂದಿಗೂ ಓಡುತ್ತಿದೆ, ಅವರ ಮಟ್ಟಿಗೆ ಅದು ಲಾಭದ ಖರೀದಿ. ಬೆಂಗಳೂರಿನ ದಂಪತಿಗಳಲ್ಲಿ ಮಾತ್ರ ಇನ್ನೂ ಒಮ್ಮತವಿಲ್ಲ. ಒಂದು ವರ್ಷ ಮೊದಲೇ ಮಾರಬೇಕಿತ್ತು ಎನ್ನುತ್ತಾರೆ ಮಾಲೀಕರು. ಕೊಳ್ಳಲೇಬಾರದಿತ್ತು ಎನ್ನುತ್ತಾರೆ ಪತ್ನಿ. ಫೈಲು ನೋಡಿದ ನನಗೆ ಕಾಣುವ ದಿನಾಂಕ 2023ರಲ್ಲಿ ಗೇರ್‌ಬಾಕ್ಸ್ ಎಣ್ಣೆ ಬದಲಿಸಿದ ವಾರ. ಕಾರು ಅವರ ಕೈಯಲ್ಲಿ ಅತ್ಯುತ್ತಮ ಸ್ಥಿತಿಯಲ್ಲಿದ್ದದ್ದು ಆಗ. ಒಂದು ಎಚ್ಚರಿಕೆ ದೀಪವೂ ಇರಲಿಲ್ಲ, ಮತ್ತು ಅದೇ ಕಾರಣಕ್ಕೆ ಮಾರುವ ಯೋಚನೆ ಇಬ್ಬರಿಗೂ ಬರಲಿಲ್ಲ.